ಬಾಯಲ್ಲಿ ತಂದ ನೀರು

ಹಂದಿಮರಿ ನೆಲಕ್ಕೆ ಬಿದ್ದ ಕೂಡಲೇ ಅವಳ ಕೈಗೆ ಬರುತ್ತಿತ್ತು. ಎಡಗೈಯಲ್ಲಿ ಕತ್ತು, ಹೆಬ್ಬೆರಳು ದವಡೆಯ ಸಂದಿಗೆ. ಬಾಯಿ ತೆರೆಯುತ್ತಲೇ ಬಲಗೈಯ ಪಂಪು ನಾಲಗೆಯ ಹಿಂಬದಿಗೆ. ಒಂದು ಒತ್ತು. ಹಳದಿ ಅಂಟು ಮದ್ದು ಒಳಗೆ. ಗಂಟಲು ಗುಟುಕ್ ಎನ್ನುವ ತನಕ ಬಾಯಿ ಮುಚ್ಚಿ ಹಿಡಿಯಬೇಕು. ಆಮೇಲೆ ತಾಯಿಯ ಮೊಲೆಗೆ ತಳ್ಳಬೇಕು. ಆಮೇಲೆ ಮುಂದಿನ ಮರಿ. ಈ ಕೆಲಸ ಮಾಡಿ ಮಾಡಿ ಅವಳ ಹೆಸರೇ ಗುಟುಕಮ್ಮ ಎಂದಾಗಿ ಹೋಗಿತ್ತು. ಹೆತ್ತವರು ಇಟ್ಟ ಹೆಸರನ್ನು ಹಾಜರಿ ಕೂಗುವವನೂ ಮರೆತಿದ್ದ.

ಮೊಣಕಾಲೂರಿ ಮಾಡುವ ಕೆಲಸ. ನೆಲವೆಲ್ಲ ಕಬ್ಬಿಣದ ಜಾಲರಿ. ಅದರ ಅಚ್ಚು ಮೊಣಕಾಲಿನ ಚರ್ಮದಲ್ಲಿ ಕೂತುಬಿಟ್ಟಿತ್ತು, ತಿಕ್ಕಿದರೂ ಹೋಗುತ್ತಿರಲಿಲ್ಲ. ಬೆರಳ ಸಂದಿಗಳು ಸದಾ ಒದ್ದೆ, ಸದಾ ಉರಿ. ಹುಟ್ಟಿದ ಮರಿಗೂ ಹಲ್ಲಿರುತ್ತದೆ, ಸೂಜಿಯಂಥ ಹಲ್ಲು. ತಾಯಿ ಹಂದಿಗೆ ಸಿಟ್ಟು ಬಂದರೆ ಕಂಬಿಯ ಸಂದಿಯಿಂದಲೇ ಬಾಯಿ ಹಾಕುತ್ತದೆ. ಹಾಗೆ ಬಾಯಿ ಹಾಕಿ ಆದ ಒಂದು ಗುಳಿ ಗುಟುಕಮ್ಮನ ಮುಂಗೈಯಲ್ಲಿತ್ತು.

"ಅದು ಹಂದಿ ಕೊಟ್ಟ ಸರ್ಟಿಫಿಕೇಟು ಕಣೇ, ಜೋಪಾನ" ಎಂದು ಪಕ್ಕದ ಸಾಲಿನ ಮೋಟಕ್ಕ ನಗಾಡುತ್ತಿದ್ದಳು. ಮೋಟಕ್ಕನ ಎರಡು ಬೆರಳು ಮೇವಿನ ಮಿಷನ್ನಿಗೆ ಹೋಗಿದ್ದವು. ಬಾಯಿ ಮಾತ್ರ ಪೂರ್ತಿ ಉಳಿದಿತ್ತು.

ಆ ಮದ್ದು ಬರುವ ಮೊದಲು ಹೆರಿಗೆ ಶೆಡ್ಡಿನಲ್ಲಿ ಮರಿಗಳು ಭೇದಿ ಹತ್ತಿ ಸಾಯುತ್ತಿದ್ದವು. ಬೆಳಿಗ್ಗೆ ಬಂದವರು ಮೊದಲು ಸತ್ತವನ್ನು ಆರಿಸಿ ಬಕೆಟ್ಟಿಗೆ ಹಾಕಬೇಕಿತ್ತು. ಈಗ ಬಕೆಟ್ಟು ಖಾಲಿ ಬಿದ್ದಿರುತ್ತಿತ್ತು. ಮದ್ದು ತರಿಸಿದ ಹಂದಿ ಡಾಕ್ಟರು ವಾರಕ್ಕೊಮ್ಮೆ ಬರುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಹೆಂಗಸರನ್ನು ನಿಲ್ಲಿಸಿಕೊಂಡು ಬಿಡಿಸಿ ಹೇಳುತ್ತಿದ್ದರು.

"ನೋಡ್ರಮ್ಮ, ಹುಟ್ಟಿದ ಮರಿಯ ಕರುಳು ಬಾಗಿಲು ತೆಗೆದಿಟ್ಟ ಮನೆ. ಯಾವ ಕಾಯಿಲೆ ಬೇಕಾದ್ರೂ ನುಗ್ಗುತ್ತೆ. ಈ ಮದ್ದು ಆ ಬಾಗಿಲಿಗೆ ಚಿಲಕ ಹಾಕುತ್ತೆ. ಇದರಲ್ಲಿ ಗಿಣ್ಣುಹಾಲಿನ ಸತ್ವ ಇದೆ, ಒಳ್ಳೇ ಹುಳಗಳಿದಾವೆ."

"ಹುಳದಲ್ಲೂ ಒಳ್ಳೇದಿರುತ್ತಾ ಡಾಕ್ಟ್ರೇ? ನಾವು ಕಂಡಿದ್ದೆಲ್ಲ ಕೆಟ್ಟವೇ" ಎಂದು ಮೋಟಕ್ಕ ಮ್ಯಾನೇಜರನ ಆಫೀಸಿನ ಕಡೆ ನೋಡಿದಳು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಡಾಕ್ಟರಿಗೂ ನಗು ಬಂತು.

"ಒಂದು ಮಾತು ನೆನಪಿಟ್ಕೊಳ್ಳಿ. ನೀರು ಶುದ್ಧ ಇರಬೇಕು. ಕೆಟ್ಟ ನೀರು ಕುಡಿಸಿದ್ರೆ ಈ ಮದ್ದೆಲ್ಲ ದಂಡ."

ಅದಕ್ಕೇ ಶೆಡ್ಡಿನ ಹಿಂದೆ ಫಿಲ್ಟರ್ ಮಿಷನ್ನು ಬಂತು. ದೂರದ ಬಾವಿಯಿಂದ ಪೈಪು ಬಂತು. ಶೆಡ್ಡಿನ ಕೊನೆಯಲ್ಲಿ ಆಳೆತ್ತರದ ಸ್ಟೀಲಿನ ತೊಟ್ಟಿ, ಹತ್ತಲು ಕಬ್ಬಿಣದ ಮೆಟ್ಟಿಲು, ಮೇಲೆ ಮುಚ್ಚಳ. ತೊಟ್ಟಿಯ ನೀರು ಒಂದೊಂದು ಹಂದಿಯ ಬಾಯಿಗೂ ಹೋಗುತ್ತಿತ್ತು. ಕನ್ನಡಿಯಂಥ ನೀರು. ಕೆಲಸದವರು ಅದಕ್ಕೆ ಬಾಯಿ ಹಚ್ಚುವ ಹಾಗಿರಲಿಲ್ಲ.

ಕೆಲಸದವರ ನೀರು ಬೇರೆ. ಅವರ ಲೈನು ಮನೆಗಳು ಇದ್ದದ್ದು ರೊಚ್ಚೆ ಗುಂಡಿಯ ಕೆಳಬದಿಗೆ. ಶೆಡ್ಡುಗಳ ಹೇಲು, ಉಚ್ಚೆ, ರಕ್ತ, ತೊಳೆದ ನೀರು ಎಲ್ಲ ಬಂದು ಬೀಳುವ ಗುಂಡಿ ಅದು. ಕೆರೆಯಷ್ಟು ಅಗಲ. ಅದರ ಏರಿಯ ಬುಡದಲ್ಲೇ ಲೈನಿನ ಬೋರು. ನೀರು ಮೊದಲು ಹಳದಿ ಇತ್ತು, ಆಮೇಲೆ ಚಹಾದ ಬಣ್ಣಕ್ಕೆ ತಿರುಗಿತು. ಬಟ್ಟೆಯಲ್ಲಿ ಸೋಸಿದರೆ ಬಟ್ಟೆ ಲೋಳೆ. ಕುದಿಸಿದರೆ ವಾಸನೆ ಇನ್ನೂ ಜೋರು. ಅದೇ ನೀರಲ್ಲಿ ಅನ್ನ, ಅದೇ ನೀರಲ್ಲಿ ಮಕ್ಕಳ ಮುಖ.

ಹೆಂಗಸರು ಹೋಗಿ ಕೇಳಿದ್ದರು. ಒಬ್ಬರಲ್ಲ, ಎಲ್ಲರೂ. ಹಂದಿಯ ಪೈಪಿನಿಂದ ಲೈನಿಗೆ ಒಂದು ನಲ್ಲಿ ಹಾಕಿಸಿ ಕೊಡಿ ಸಾಹೇಬ್ರೇ, ಒಂದೇ ಒಂದು. ಮ್ಯಾನೇಜರ್ ಕುರ್ಚಿಯಿಂದ ಏಳಲಿಲ್ಲ.

"ಲೈನಿನ ನೀರಿಗೇನಾಗಿದೆ? ಕುಡಿಯೋ ನೀರೇ ಅದು. ನಿಮಗೆ ಕೈ ತೊಳೆಯೋ ಅಭ್ಯಾಸ ಇಲ್ಲ, ನೀರಿನ ಮೇಲೆ ತಪ್ಪು ಹೊರಿಸ್ತೀರಾ? ಹೋಗ್ರಿ ಹೋಗ್ರಿ, ಕೆಲಸ ನೋಡ್ಕೊಳ್ರಿ."

ಈ ಮನುಷ್ಯನಿಗೆ ಕೊಳೆಯೆಂದರೆ ಅಷ್ಟು ಭಯ. ಆದರೆ ಅವನ ಲೆಕ್ಕದಲ್ಲಿ ಕೊಳೆ ಎಂದರೆ ಕೆಲಸದವರು. ಶೆಡ್ಡಿಗೆ ಹೋಗುವ ಮೊದಲು ಉಟ್ಟದ್ದೆಲ್ಲ ಬಿಚ್ಚಬೇಕು. ಕಿವಿಯೋಲೆ, ಹೇರ್‌ಪಿನ್ನು ಕೂಡ. ತಲೆಗೆ ನೀರು ಹಾಕಿಕೊಂಡು ಫಾರಮಿನ ಬಟ್ಟೆ ತೊಡಬೇಕು. ಹೊರಗೆ ಬರುವಾಗ ಮತ್ತೆ ಬಿಚ್ಚಿ, ಮತ್ತೆ ನೀರು ಹಾಕಿಕೊಂಡು, ಬರಿಗೈ ಚಾಚಿ ತೋರಿಸಿ, ಬಾಗಿಲಲ್ಲಿ ಕೂತವಳ ಮುಂದೆ ಜೋರಾಗಿ ಹೇಳಬೇಕು: "ಒಳಗಿಂದ ಏನೂ ತಂದಿಲ್ಲ." ಬಾಯಿಬಿಟ್ಟು ಹೇಳದ ಹೊರತು ಅವಳು ಬೀಗ ತೆಗೆಯುವ ಹಾಗಿಲ್ಲ. ಅವಳಿಗೆ ಬೀಗದಕ್ಕ ಎಂದೇ ಹೆಸರು. ಅವಳೂ ಲೈನಿನವಳೇ.

ಇನ್ನೊಂದು ಕಾನೂನೂ ಇತ್ತು. ಮನೆಯಲ್ಲಿ ಯಾರಿಗಾದರೂ ಭೇದಿ ಹತ್ತಿದ್ದರೆ ಹೇಳಬೇಕು, ಅದು ವಾಸಿಯಾಗುವ ತನಕ ಶೆಡ್ಡಿಗೆ ಬರಬಾರದು. ಬಾರದ ದಿನಕ್ಕೆ ಕೂಲಿಯಿಲ್ಲ. ಲೈನಿನಲ್ಲಿ ಭೇದಿ ಇಲ್ಲದ ಮನೆ ಯಾವುದಿತ್ತು? ಆದ್ದರಿಂದ ಯಾರೂ ಹೇಳುತ್ತಿರಲಿಲ್ಲ.

ಗುಟುಕಮ್ಮನ ಮನೆಯಲ್ಲಿ ಭೇದಿ ಹತ್ತಿದ್ದು ಚಿಣ್ಣಿಗೆ. ಮಗಳ ಮಗು. ಗೋಡೆ ಹಿಡಿದು ನಿಲ್ಲುವುದನ್ನು ಆಗಷ್ಟೇ ಕಲಿತಿತ್ತು. ನಿಂತು, ಅಜ್ಜಿಯನ್ನು ನೋಡಿ, ನನ್ನ ಪೌರುಷ ನೋಡು ಎನ್ನುವ ಹಾಗೆ ಕೇಕೆ ಹಾಕಿ, ದೊಪ್ಪನೆ ಕೂರುತ್ತಿತ್ತು. ಅಪ್ಪ ಎನ್ನುವವನು ಲಾರಿ ಹತ್ತಿ ಹೋದವನು ಹೋದವನೇ. ತಾಯಿಗೆ ಎದೆಹಾಲು ಬತ್ತಿತ್ತು. ಮಗು ಬೆಳೆದದ್ದು ಗಂಜಿ ಮತ್ತು ಲೈನಿನ ನೀರಿನಲ್ಲಿ.

ನರ್ಸಮ್ಮ ಬಂದು ನೋಡಿ ಪುಡಿಯ ಪೊಟ್ಟಣ ಕೊಟ್ಟು ಹೋದಳು. "ಶುದ್ಧ ನೀರಲ್ಲಿ ಕಲಸಿ ಕುಡಿಸಿ. ಶುದ್ಧ ನೀರು, ತಿಳೀತಾ?"

ತಿಳಿಯಿತು. ಕೊಳ್ಳಲು ಕೈಯಲ್ಲಾಗುವ ತನಕ ಹೆದ್ದಾರಿಯ ಅಂಗಡಿಯಿಂದ ಬಾಟಲಿ ನೀರು ಕೊಂಡರು. ಮಗು ಸ್ವಲ್ಪ ಗೆಲುವಾಯಿತು. ಕೈ ಬರಿದಾಯಿತು, ಮತ್ತೆ ಅದೇ ನೀರು, ಮತ್ತೆ ಭೇದಿ. ಚಿಣ್ಣಿ ಗೋಡೆ ಹಿಡಿಯುವುದನ್ನು ಬಿಟ್ಟಿತು. ಆಮೇಲೆ ಕೂರುವುದನ್ನು ಬಿಟ್ಟಿತು. ಅಳುವಾಗ ಕಣ್ಣಲ್ಲಿ ನೀರು ಬರುತ್ತಿರಲಿಲ್ಲ.

"ಅಮ್ಮಾ, ನೀನು ದಿನಾ ಅಷ್ಟೊಂದು ಮರಿ ಉಳಿಸ್ತೀಯಲ್ಲ" ಎಂದಳು ಮಗಳು. ಅಷ್ಟೇ ಹೇಳಿದ್ದು.

ಮಾರನೆಯ ದಿನ ಅವಳು ಕದ್ದಳು. ಹೌದು, ಕಳ್ಳತನವೇ. ಪಾಳಿ ಮುಗಿಯುವಾಗ ಪಂಪಿನ ಮೂತಿಯನ್ನು ತನ್ನ ದವಡೆಯ ಸಂದಿಗಿಟ್ಟು ಒಂದು ಒತ್ತು ಒತ್ತಿಕೊಂಡಳು. ಕರುಳಿಗೆ ಚಿಲಕ ಹಾಕುವ ಮದ್ದು ಅಂದರೆ ಕರುಳಿಗೆ ಚಿಲಕವೇ. ಮರಿಯ ಕರುಳಾದರೇನು, ಮಗುವಿನ ಕರುಳಾದರೇನು? ಮೂಗಿಗೆ ಹುಳಿ ನಾತ ಅಡರಿತು. ನುಂಗದೆ ಕೆನ್ನೆಯಲ್ಲೇ ಇಟ್ಟುಕೊಂಡು ಸ್ನಾನ ಮಾಡಿದಳು, ಬರಿಗೈ ಚಾಚಿದಳು.

"ಒಳಗಿಂದ ಏನೂ ತಂದಿಲ್ಲ."

"ಕೆನ್ನೆ ಯಾಕೆ ಊದಿದೆ?" ಬೀಗದಕ್ಕ ಕೇಳಿದಳು.

"ಹಲ್ಲುನೋವು ಕಣೇ."

ಮನೆಗೆ ಓಡಿ ಬಂದು ಮಗುವನ್ನು ಎತ್ತಿಕೊಂಡಳು. ಎಡಗೈಯಲ್ಲಿ ಕತ್ತು, ಹೆಬ್ಬೆರಳು ದವಡೆಯ ಸಂದಿಗೆ. ಬೆರಳಲ್ಲಿ ಮದ್ದು ತೆಗೆದು ನಾಲಗೆಯ ಹಿಂದಕ್ಕೆ ಸವರಿದಳು. ಮಗು ಮುಖ ಕಿವುಚಿ ಉಗುಳಲು ನೋಡಿತು. ಮದ್ದು ಇಳಿಯಲಿ ಎಂದು ಮಗಳು ಲೋಟ ತಂದು ಬಾಯಿಗಿಟ್ಟಳು. ಗುಟುಕ್ ಎಂದಿತು. ಇಬ್ಬರೂ ಉಸಿರು ಬಿಟ್ಟರು.

ಆಮೇಲೆ ಗುಟುಕಮ್ಮನ ಕಣ್ಣು ಲೋಟದ ಮೇಲೆ ಬಿತ್ತು. ತಳದಲ್ಲಿ ಚಹಾ ಬಣ್ಣದ ನೀರು. ಡಾಕ್ಟರ ಮಾತು ಕಿವಿಯಲ್ಲಿ ಕೂತೇ ಇತ್ತು, ಕೈಗೆ ಬಂದಿರಲಿಲ್ಲ. ಶೆಡ್ಡಿನಲ್ಲಿ ಗುಟುಕು ಕೊಡುವುದಷ್ಟೇ ಅವಳ ಕೆಲಸ. ಆಮೇಲಿನ ನೀರು ಅಲ್ಲಿ ತಾನಾಗಿ ಬರುತ್ತಿತ್ತು, ಅದರ ಯೋಚನೆ ಅವಳಿಗೆ ಯಾವತ್ತೂ ಬೇಕಿರಲಿಲ್ಲ. ಲೋಟವನ್ನು ಕಿತ್ತು ಅಂಗಳಕ್ಕೆ ಎಸೆದಳು. ಎಸೆದರೇನು ಬಂತು, ನೀರು ಒಳಗೆ ಹೋಗಿಯಾಗಿತ್ತು.

ಸಂಜೆಗೆ ಭೇದಿ ಹೆಚ್ಚಾಯಿತು. ಮಗುವಿನ ಮೈ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ. ಹೊಟ್ಟೆಯ ಚರ್ಮ ಹಿಡಿದೆತ್ತಿದರೆ ಎತ್ತಿದ ಹಾಗೇ ನಿಲ್ಲುತ್ತಿತ್ತು. ಮರಿಗಳಲ್ಲಿ ಅದನ್ನು ಅವಳು ಎಷ್ಟೋ ಸಲ ಕಂಡಿದ್ದಳು. ಅಂಥ ಮರಿಯನ್ನು ಆಮೇಲೆ ಬಕೆಟ್ಟಿಗೆ ಹಾಕುತ್ತಿದ್ದಳು.

"ಪೊಟ್ಟಣ ಒಂದು ಉಳಿದಿದೆ" ಎಂದಳು ಮಗಳು. "ನೀರು ಬೇಕು."

ಮರುದಿನ ಪಾಳಿ ಮುಗಿಯುವಾಗ ಗುಟುಕಮ್ಮ ತೊಟ್ಟಿಯ ಕೆಳಗಿನ ನಲ್ಲಿಗೆ ಬಾಯಿ ಕೊಟ್ಟಳು. ಕೆನ್ನೆ ಬಿರಿಯುವಷ್ಟು ತುಂಬಿಕೊಂಡಳು. ತಣ್ಣನೆಯ ನೀರು, ಯಾವ ನಾತವೂ ಇಲ್ಲ. ನುಂಗಬೇಕೆಂದು ಗಂಟಲು ಒದ್ದಾಡಿತು. ಅವಳಿಗೂ ಬೆಳಗಿನಿಂದ ಬಾಯಾರಿತ್ತು. ನುಂಗಲಿಲ್ಲ. ಬಟ್ಟೆ ಬಿಚ್ಚಿದಳು, ತಲೆಗೆ ನೀರು ಹಾಕಿಕೊಂಡಳು, ಲಂಗ ಎದೆಗೆ ಕಟ್ಟಿಕೊಂಡು ಬಾಗಿಲಿಗೆ ಬಂದು ಕೈ ಚಾಚಿದಳು.

"ಹೇಳೇ" ಎಂದಳು ಬೀಗದಕ್ಕ.

ಗುಟುಕಮ್ಮ ಕೆನ್ನೆ ತೋರಿಸಿ ಹಲ್ಲುನೋವು ಎಂದು ಸನ್ನೆ ಮಾಡಿದಳು.

"ನೋವಿದ್ರೂ ಹೇಳ್ಬೇಕಲ್ಲ. ನನ್ನ ಕೆಲಸ ಕಳೀತೀಯಾ? ಹೇಳು ಮಾರಾಯ್ತಿ."

ಕಣ್ಣಲ್ಲೇ ಬೇಡಿಕೊಂಡಳು. ಹಿಂದೆ ಹೆಂಗಸರ ಸಾಲು ನಿಂತಿತ್ತು. ಮ್ಯಾನೇಜರ್ ಆಫೀಸಿನಿಂದ ಹೊರಗೆ ಬರುತ್ತಿದ್ದ. ಅವನನ್ನು ಕಂಡದ್ದೇ ಬೀಗದಕ್ಕ ಕೂತಲ್ಲಿಂದ ದಡಬಡ ಎದ್ದಳು. "ಸಾಹೇಬ್ರೇ, ಇವಳು ಬಾಯಿ ಬಿಡ್ತಿಲ್ಲ" ಎಂದು ಕೂಗಿಬಿಟ್ಟಳು.

ಅವನು ಬಂದ. ಒದ್ದೆ ಲಂಗದಲ್ಲಿ ನಿಂತ ಹೆಂಗಸನ್ನು ಮೇಲಿಂದ ಕೆಳಗೆ ನೋಡಿದ.

"ಉಗುಳು."

ಅವಳು ತಲೆಯಾಡಿಸಿದಳು. ಅವನು ಎರಡು ಬೆರಳಲ್ಲಿ ಅವಳ ದವಡೆಯನ್ನು ಅಮುಕಿದ. ಅವಳು ಮರಿಗಳ ದವಡೆ ಅಮುಕುತ್ತಿದ್ದ ಜಾಗವೇ ಅದು. ಬಾಯಿ ತಾನಾಗಿ ತೆರೆಯಿತು. ನೀರು ಎದೆಯ ಮೇಲೆ ಸುರಿದು, ನೆಲಕ್ಕಿಳಿದು, ಮೋರಿಗೆ ಹೋಯಿತು.

"ನೀರು!" ಮ್ಯಾನೇಜರ್ ನಕ್ಕೇ ಬಿಟ್ಟ. "ನಾನೇನೋ ಅಂದ್ಕೊಂಡೆ. ನೀರಿಗೆ ಇಷ್ಟೊಂದು ನಾಟಕನಾ?"

"ಮಗೂಗೆ ಸಾಹೇಬ್ರೇ. ಮೊಮ್ಮಗೂಗೆ ಭೇದಿ. ಪುಡಿ ಕಲಸೋಕೆ. ಒಂದು ಲೋಟ ಕೊಡಿಸಿ ಸಾಕು, ನಿಮ್ಮ ಕಾಲಿಗೆ..."

ಭೇದಿ ಎಂಬ ಮಾತು ಕೇಳಿದ್ದೇ ಅವನು ಹಿಂದಕ್ಕೆ ಹಾರಿದ. ಅವಳನ್ನು ಮುಟ್ಟಿದ ಬೆರಳುಗಳನ್ನು ದೂರ ಹಿಡಿದ.

"ಮನೇಲಿ ಭೇದಿ ಇಟ್ಕೊಂಡು ನನ್ನ ಮರಿಗಳ ಬಾಯಿಗೆ ಕೈ ಹಾಕಿದ್ಯಾ? ಎಷ್ಟು ದಿನದಿಂದ? ಥೂ, ನಿಮ್ಮ ಜನ್ಮಕ್ಕಿಷ್ಟು!"

ಲಾರಿಯ ಗಾಲಿಗೆ ಹೊಡೆಯುವ ಔಷಧಿಯ ಸ್ಪ್ರೇ ತರಿಸಿದ. ಅವಳನ್ನು ಮೋರಿಯ ಮೇಲೆ ನಿಲ್ಲಿಸಿದರು. ಕೈಗೆ ಹೊಡೆದರು, ಕಾಲಿಗೆ ಹೊಡೆದರು. "ಬಾಯಿಗೆ" ಎಂದ. ಬಾಯಿಗೂ ಹೊಡೆದರು. ತುಟಿ ಹೊತ್ತಿಕೊಂಡಿತು, ಕಣ್ಣು ಕತ್ತಲೆಯಾಯಿತು. ಹೆಂಗಸರೆಲ್ಲ ನೋಡುತ್ತ ನಿಂತಿದ್ದರು. ಮೋಟಕ್ಕನ ಬಾಯಿಂದಲೂ ಒಂದು ಮಾತು ಹೊರಡಲಿಲ್ಲ. ಆಮೇಲೆ ಬದುಕಿರುವಷ್ಟು ದಿನ ಮೋಟಕ್ಕ ಅದಕ್ಕಾಗಿ ತನ್ನನ್ನು ತಾನು ಬೈದುಕೊಂಡಳು.

ಮುಟ್ಟಿದ ಮರಿಗಳ ಕಂಬಿ, ಜಾಲರಿ, ಬಕೆಟ್ಟು ಎಲ್ಲವನ್ನೂ ಅವಳ ಕೈಯಲ್ಲೇ ಔಷಧಿ ಹಾಕಿ ತಿಕ್ಕಿಸಿದರು. ಅದು ಮುಗಿಯುವಾಗ ಹೊತ್ತು ಇಳಿದಿತ್ತು. ಹೊರಗೆ ಬಿಡುವಾಗ ಬೀಗದಕ್ಕ ತಲೆ ತಗ್ಗಿಸಿಕೊಂಡೇ ಇದ್ದಳು. ಗುಟುಕಮ್ಮ ಉರಿಯುವ ತುಟಿಯಲ್ಲಿ ಹೇಳಿದಳು, "ಒಳಗಿಂದ ಏನೂ ತಂದಿಲ್ಲ."

ಲೈನಿನ ಬಾಯಿಗೆ ಬರುವಾಗಲೇ ಮಗಳ ಗೋಳು ಕೇಳಿಸಿತು.

ಚಿಣ್ಣಿಯನ್ನು ಚಾಪೆಯ ಮೇಲೆ ಮಲಗಿಸಿದ್ದರು. ಪೊಟ್ಟಣ ಬಿಚ್ಚಿ, ಲೋಟದಲ್ಲಿ ಪುಡಿ ಹಾಕಿ, ನೀರಿಗಾಗಿ ಕಾದು ಇಟ್ಟಿದ್ದಳು ಮಗಳು. ಪುಡಿ ಪುಡಿಯಾಗೇ ಉಳಿದಿತ್ತು. ಗುಟುಕಮ್ಮ ಕೂತು ಮಗುವನ್ನು ಮಡಿಲಿಗೆ ಎಳೆದುಕೊಂಡಳು. ಅಭ್ಯಾಸದಂತೆ ಹೆಬ್ಬೆರಳು ದವಡೆಯ ಸಂದಿಗೆ ಹೋಯಿತು. ಬಾಯಿ ತೆರೆಯಿತು. ಒಳಗೆ ಹಾಕಲು ಅವಳ ಹತ್ತಿರ ಏನೂ ಇರಲಿಲ್ಲ. ಆಗ ಅವಳು ಅತ್ತ ಅಳುವನ್ನು ಇಲ್ಲಿ ಬರೆಯುವುದಿಲ್ಲ. ಲೈನಿನ ಜನ ಕೇಳಿದ್ದಾರೆ, ಅಷ್ಟು ಸಾಕು.

ಮರುದಿನ ಮಣ್ಣು ಮಾಡಿ ಬಂದ ಮೇಲೆ ಹೆಂಗಸರು ಕೈಕಾಲು ತೊಳೆಯಲು ಬೋರಿನ ಹತ್ತಿರ ಸೇರಿದರು. ಆ ನೀರಿನಲ್ಲೇ ತೊಳೆಯಬೇಕಿತ್ತು. ಮೋಟಕ್ಕ ಪಂಪು ಒತ್ತಿದಳು. ಚಹಾ ಬಣ್ಣದ ನೀರು ಬಿತ್ತು. ಗುಟುಕಮ್ಮ ಕೈ ಒಡ್ಡಲಿಲ್ಲ. ಕೊಡ ಒಡ್ಡಿದಳು. ಕಂಠದ ತನಕ ತುಂಬಿಸಿ ಸೊಂಟಕ್ಕೆ ಏರಿಸಿದಳು.

"ಮನೇಲಿ ನೀರಿದ್ಯಲ್ಲೇ" ಎಂದಳು ಮೋಟಕ್ಕ.

"ಮನೆಗಲ್ಲ."

ಅವಳು ಏರಿಯ ಕಡೆಗೆ ನಡೆದಳು. ಮೋಟಕ್ಕ ಒಂದು ಗಳಿಗೆ ನೋಡಿದಳು. ಆಮೇಲೆ ಪಂಪು ಒತ್ತಿ ತನ್ನ ಕೊಡವನ್ನೂ ತುಂಬಿಸಿಕೊಂಡು ಹಿಂದೆ ಹೊರಟಳು. ಉಳಿದವರೂ ಕೊಡ ಹಿಡಿದರು.

ಶೆಡ್ಡಿನ ಬಾಗಿಲಲ್ಲಿ ಬೀಗದಕ್ಕ ಸ್ಟೂಲಿನ ಮೇಲೆ ಕೂತಿದ್ದಳು. ಮೈಯೆಲ್ಲ ಮಣ್ಣು ಮಾಡಿಕೊಂಡು ನಿಂತ ಗುಟುಕಮ್ಮನನ್ನು ನೋಡಿ ಎದ್ದು ನಿಂತಳು.

"ಹೊರಗಿಂದ ನೀರು ತಂದಿದೀನಿ" ಎಂದಳು ಗುಟುಕಮ್ಮ. ಜೋರಾಗಿ, ಕಾನೂನಿನ ಪ್ರಕಾರ.

ಬೀಗದಕ್ಕ ಕೊಡದೊಳಗೆ ಬಗ್ಗಿ ನೋಡಿದಳು. ಬೆಳಿಗ್ಗೆ ತನ್ನ ಮಕ್ಕಳಿಗೆ ಕುಡಿಸಿ ಬಂದದ್ದು ಅದನ್ನೇ.

"ನಾನೇ ಕೂಗಿದ್ದು ಕಣೇ ನಿನ್ನೆ."

"ಗೊತ್ತು. ಬಾಗಿಲು ತೆಗಿ."

ಬೀಗದಕ್ಕ ಸೊಂಟದಿಂದ ಕೀಲಿಕೈ ತೆಗೆದಳು. ಬಾಗಿಲು ತೆಗೆದಳು. ಆಮೇಲೆ ಕೀಲಿಕೈಯನ್ನು ಸ್ಟೂಲಿನ ಮೇಲಿಟ್ಟು ತಾನೂ ಸಾಲಿನಲ್ಲಿ ಸೇರಿಕೊಂಡಳು.

ಯಾರೂ ಬಟ್ಟೆ ಬಿಚ್ಚಲಿಲ್ಲ. ಮಣ್ಣುಗಾಲಿನಲ್ಲಿ, ಬೀದಿಯ ಸೀರೆಯಲ್ಲಿ ಹೆರಿಗೆ ಶೆಡ್ಡಿನೊಳಗೆ ನಡೆದರು. ಹಂದಿಗಳು ಕಂಬಿಗೆ ಮೂತಿ ಹಚ್ಚಿ ನೋಡಿದವು. ಗುಟುಕಮ್ಮ ಕಬ್ಬಿಣದ ಮೆಟ್ಟಿಲು ಹತ್ತಿದಳು. ಮುಚ್ಚಳ ತಳ್ಳಿದಳು. ಕೊಡವನ್ನು ತೊಟ್ಟಿಯ ಅಂಚಿಗೆ ಒರಗಿಸಿ, ಬಗ್ಗಿಸಿದರೆ ಸುರಿಯುವ ಹಾಗೆ ಹಿಡಿದಳು.

ಅವತ್ತು ಡಾಕ್ಟರು ಬರುವ ದಿನ. ಗದ್ದಲ ಕೇಳಿ ಡಾಕ್ಟರೂ ಮ್ಯಾನೇಜರೂ ಓಡಿ ಬಂದರು. ಮ್ಯಾನೇಜರನ ಕಾಲಲ್ಲಿ ಹೊರಗಿನ ಬೂಟು ಹಾಗೇ ಇತ್ತು, ಅವನಿಗೆ ಅದರ ಪರಿವೆಯೇ ಇರಲಿಲ್ಲ.

"ಏಯ್! ಏನಿದು? ಏನದು ಕೊಡದಲ್ಲಿ?"

"ಲೈನಿನ ನೀರು ಸಾಹೇಬ್ರೇ. ನಾವು ಕುಡಿಯೋ ನೀರು. ನಿಮ್ಮ ಮರಿಗಳಿಗೂ ಒಂದು ಗುಟುಕು ಕೊಡೋಣ ಅಂತ."

"ಬೇಡ! ಹುಯ್ಯಬೇಡ! ಕೈ ಮುಗೀತೀನಿ, ಬೇಡ! ಆ ನೀರು ಬಿದ್ರೆ ಎಲ್ಲ ಸಾಯ್ತವೆ!"

ಅವನಿಗೂ ತನ್ನ ಮಾತು ಕೇಳಿಸಿರಬೇಕು. ಬಾಯಿ ಮುಚ್ಚಿಕೊಂಡ.

"ಏನಂದ್ರಿ ಸಾಹೇಬ್ರೇ?" ಮೋಟಕ್ಕ ಮುಂದೆ ಬಂದಳು. ಅವಳ ಬಾಯಿ ವಾಪಸು ಬಂದಿತ್ತು. "ಕುಡಿಯೋ ನೀರೇ ಅದು ಅಂದಿದ್ರಿ. ನಮಗೆ ಕೈ ತೊಳೆಯೋಕೆ ಬರಲ್ಲ ಅಂದಿದ್ರಿ. ಹಂದಿಗೂ ಕೈ ತೊಳೆಯೋಕೆ ಬರಲ್ವಾ?"

ಅವನು ಡಾಕ್ಟರ ಮುಖ ನೋಡಿದ. ಡಾಕ್ಟರು ನೆಲ ನೋಡಿದರು.

"ನಿಮಗೆ ಮೊದಲೇ ಗೊತ್ತಿತ್ತು" ಎಂದಳು ಗುಟುಕಮ್ಮ. ಅವಳ ತುಟಿಯ ಸುಟ್ಟಗಾಯ ಒಡೆದು ರಕ್ತ ಜಿನುಗುತ್ತಿತ್ತು. "ಸಾಯ್ತವೆ ಅಂತ ಗೊತ್ತಿತ್ತು. ನಿಮ್ಮ ಮರಿ ಸಾಯಬಾರದು ಅಂತ ಇಲ್ಲಿಗೆ ಬೇರೆ ಪೈಪು ಎಳೆಸಿದ್ರಿ. ನಮ್ಮ ಮಗು ಆ ನೀರೇ ಕುಡಿದು ಸತ್ತೋಯ್ತು. ಈಗಷ್ಟೇ ಹೂತು ಬಂದೆ. ನನ್ನ ಕೈ ನೋಡಿ."

"ಆಯ್ತು, ಆಯ್ತು. ದುಃಖ ನನಗೂ ಅರ್ಥ ಆಗುತ್ತೆ. ಕೆಳಗಿಳಿ, ಮಾತಾಡೋಣ."

"ನೀವು ಇದನ್ನ ಒಂದು ಲೋಟ ಕುಡೀರಿ. ಇಳೀತೀನಿ."

ಮೋಟಕ್ಕ ತನ್ನ ಕೊಡ ಎತ್ತಿ ಅವನ ಮುಂದಿಟ್ಟಳು. ಅವನು ಎರಡು ಹೆಜ್ಜೆ ಹಿಂದೆ ಸರಿದ. ಭೇದಿ ಎಂದಾಗ ಹಾರಿದ್ದ ಹಾಗೆಯೇ. ನೋಡಿದವರೆಲ್ಲರಿಗೂ ಉತ್ತರ ಸಿಕ್ಕಿತು.

ಪೊಲೀಸರನ್ನು ಕರೆಸುತ್ತೇನೆ ಎಂದ. ಕರೆಸಿ ಎಂದರು. ಲೈನು ಖಾಲಿ ಮಾಡಿಸುತ್ತೇನೆ ಎಂದ. ಮಾಡಿಸಿ ಎಂದರು. ಹಣೆಯ ಬೆವರು ಒರೆಸಿಕೊಂಡ. ದನಿ ಇಳಿಸಿದ.

"ನಲ್ಲಿ ತಾನೇ ನಿಮಗೆ ಬೇಕಾಗಿರೋದು? ಸರಿ. ನಾಳೆ ಹಾಕಿಸ್ತೀನಿ. ಈಗ ಇಳಿ."

"ಆಗ್ಲಿ ಸಾಹೇಬ್ರೇ" ಎಂದಳು ಗುಟುಕಮ್ಮ. "ಹಾಗಾದ್ರೆ ನಾಳೆ ಇಳೀತೀನಿ."

ಹೆಂಗಸರು ಕೊಡಗಳನ್ನು ಮೆಟ್ಟಿಲ ಸುತ್ತ ಇಟ್ಟು ಜಾಲರಿಯ ಮೇಲೆ ಕೂತರು. ಬೀಗದಕ್ಕನೂ ಕೂತಳು.

ಆ ಹೊತ್ತಿಗೇ ಕೊನೆಯ ಸಾಲಿನ ಹಂದಿ ಹೆರಲು ಶುರು ಮಾಡಿತು. ಒಂದು ಮರಿ ಜಾರಿ ನೆಲಕ್ಕೆ ಬಿತ್ತು. ಒದ್ದೆ ಮೈ, ಮುಚ್ಚಿದ ಕಣ್ಣು. ಮೂತಿ ಎತ್ತಿ ಕೀಚು ದನಿಯಲ್ಲಿ ಕೂಗಿತು. ಆಮೇಲೆ ಇನ್ನೊಂದು.

"ಯಾರಾದ್ರೂ ಹಿಡೀರೇ! ಮದ್ದು ಹಾಕ್ರೇ!" ಮ್ಯಾನೇಜರ್ ಅರಚಿದ.

ಯಾರೂ ಏಳಲಿಲ್ಲ. ಮೇಲೆ ನಿಂತ ಗುಟುಕಮ್ಮನಿಗೆ ಆ ಮರಿಯ ತೆರೆದ ಬಾಯಿ ಕಾಣುತ್ತಿತ್ತು. ಪಾಪದ್ದು, ಅದೇನು ಮಾಡಿತ್ತು? ಹೆಬ್ಬೆರಳು ತಾನಾಗಿ ಮಿಡಿಯಿತು. ಮಿಡಿದ ಹೆಬ್ಬೆರಳಿನಿಂದ ಕೊಡದ ಕಂಠವನ್ನು ಗಟ್ಟಿಯಾಗಿ ಒತ್ತಿ ಹಿಡಿದಳು. ಇಳಿಯಲಿಲ್ಲ.